ಮುಖಬೆಲೆ

ಶಿರಾಜಿನ ಸಂಗ್ರಹಾಲಯದ ನೆಲಮಾಳಿಗೆಯಲ್ಲಿ
ಮಧ್ಯಾಹ್ನ ಮೂರಕ್ಕೆ ಕರೆಂಟು ಹೋಗುತ್ತದೆ.
ಕಾವಲಿನ ಕಯೂಮರ್ಸ್ ಬ್ಯಾಟರಿ ಹಿಡಿದು ನಿಲ್ಲುತ್ತಾನೆ.
ವಯಸ್ಸಾದ ಕೈ, ನಡುಗುತ್ತದೆ,
ಬೆಳಕು ಓರೆಯಾಗಿ ಬೀಳುತ್ತದೆ.
ಆ ಓರೆಯಲ್ಲೇ ಕಂಡದ್ದು:
ಟೊಪ್ಪಿಗೆಯ ಅಂಚಿನ ಕೆಳಗೆ
ಸಿಂಹದ ಒಂದು ಕೋರೆಹಲ್ಲು.

ಮರ್ವ್‌ದಶ್ತ್ ಕಡೆ, ಕಲ್ಲಂಗಡಿ ಹೊಲದಲ್ಲಿ
ಪೈಪು ಹೂಳುವಾಗ ಒಡೆದ ಗಡಿಗೆ.
ನಲವತ್ತೊಂದು ಬೆಳ್ಳಿ ನಾಣ್ಯ. ಒಂದು ಮಾತ್ರ ಹೀಗೆ,
ಮೇಲೊಬ್ಬ, ಅಡಿಯಲ್ಲಿ ಇನ್ನೊಬ್ಬ.

ಮೇಲಿನವನು ನಮ್ಮ ಸೀಮೆಯವನು.
ಕಿವಿ ಮುಚ್ಚುವ ಮೆತ್ತನೆ ಟೊಪ್ಪಿಗೆ, ಗದ್ದದ ಕೆಳಗೆ ಗಂಟು,
ದೂಳುಗಾಳಿಗೆ ಹೊರಟ ಕುರಿಯವನ ಹಾಗೆ.
ಅಡಿಯವನು ಯವನರ ವೀರ,
ಸಿಂಹದ ತೊಗಲನ್ನು ತಲೆಗೆ ಹೊದ್ದವನು.
ಹಳೆಯದನ್ನು ಕರಗಿಸಲಿಲ್ಲ ಇವರು.
ಸೌದೆ ಇರಲಿಲ್ಲವೋ, ಪುರುಸೊತ್ತು ಇರಲಿಲ್ಲವೋ.
ಕಾಯಿಸಿ, ಅಚ್ಚಿನ ಮೇಲಿಟ್ಟು,
ಒಂದು ಪೆಟ್ಟು.
ಒಂದೇ ಪೆಟ್ಟಿಗೆ ಆಳ್ವಿಕೆ ಬದಲಾಯಿತು,
ಹಲ್ಲೊಂದು ಬಿಟ್ಟು.

ತೂಗಿದೆ. ಹದಿನಾರು ಗ್ರಾಂ, ಮೇಲೆ ಚಿಲ್ಲರೆ.
ಯವನರು ಗೊತ್ತುಮಾಡಿದ ತೂಕವೇ.
ದೊರೆ ಹೋದ, ತಕ್ಕಡಿ ಉಳಿಯಿತು.
ಸಂತೆಯಲ್ಲಿ ಮುಖ ಬದಲಾದರೆ ಪಿಸುಮಾತು,
ತೂಕ ಬದಲಾದರೆ ಹೊಡೆದಾಟ.
ಇದು ಗೊತ್ತಿದ್ದವನು ಟಂಕಸಾಲೆಯಲ್ಲಿ ಕೂತಿದ್ದ.

ಹಿಂಬದಿಗೆ ಹೊರಳಿಸಿದೆ.
ಬೆಂಕಿಯ ಗುಡಿ, ಎದುರಲ್ಲಿ ಕೈಯೆತ್ತಿ ನಿಂತ ಅವನೇ.
ಗುಡಿಯ ಬಾಗಿಲಲ್ಲಿ ಸಿಕ್ಕಿಕೊಂಡಿದೆ
ಯವನ ದೇವರ ಪೀಠದ ಒಂದು ಕಾಲು.
ಎಡದಿಂದ ಹೊರಟ ಅಕ್ಷರ, ಬಲದಿಂದ ಹೊರಟ ಅಕ್ಷರ
ಇಕ್ಕಟ್ಟು ಓಣಿಯಲ್ಲಿ ಎದುರಾದ ಕತ್ತೆಗಳು,
ಎರಡಕ್ಕೂ ಹೇರು ಜಾಸ್ತಿ.

ಹಳೆಯದರಲ್ಲಿ ಉಳಿದದ್ದು ಒಂದು ಮಾತು: ರಾಜನ.
ಷಷ್ಠೀ ವಿಭಕ್ತಿಗೇ ನಿಂತುಬಿಟ್ಟಿದೆ.
ರಾಜನ ಏನು?
ಬೆಳ್ಳಿಯೇ, ಹೊಲವೇ, ಗಡಿಗೆ ಹೂತವನ ಬೆವರೇ?
ಹೊಸದರಲ್ಲಿ ರಾಜ ಎಂಬ ಪದವೇ ಇಲ್ಲ.
ದೇವರುಗಳ ಕಡೆಯ ಅಧಿಕಾರಿ, ಅಷ್ಟೆ.
ವಿನಯ ಎನ್ನುವವರುಂಟು.
ನನಗೆ ಕಾಣುವುದು ಬೇರೆ:
ನಾಳೆ ದೂರದ ದಂಡು ಬಂದು ಕೇಳಿದರೆ
'ನಾನೆಲ್ಲಿ ರಾಜ ಅಂದೆ ಸ್ವಾಮಿ?' ಎನ್ನಲು
ತೆರೆದಿಟ್ಟ ಹಿತ್ತಲ ಬಾಗಿಲು.

ನನ್ನ ಅಜ್ಜಿ ಮಾಹ್‌ಪರಿಯ ಹೊಲಿಗೆ ಪೆಟ್ಟಿಗೆಯಲ್ಲಿ
ಗುಂಡಿಗಳ ನಡುವೆ ಒಂದು ನೋಟು ಇತ್ತು.
ದೊರೆ ದೇಶ ಬಿಟ್ಟ ಕಾಲದ್ದು.
ಹೊಸದು ಅಚ್ಚಾಗುವ ತನಕ ಹಳೆಯದೇ ಚಲಾವಣೆ,
ಮುಖದ ಮೇಲೆ ಬಳ್ಳಿಯ ಚಿತ್ತಾರ ಒತ್ತಿ.
ಅಂಥದ್ದೇ ಕೊಟ್ಟು ರೊಟ್ಟಿ ಕೊಂಡಳಂತೆ.
ಅಂಗಡಿಯವನು ಬಳ್ಳಿ ನೋಡಿದ, ಬೀದಿ ನೋಡಿದ,
ಚಿಲ್ಲರೆ ಎಣಿಸಿಕೊಟ್ಟ.
'ಒಂದು ಕಿವಿ ಉಳಿದಿತ್ತು ಕಣೇ,' ಎನ್ನುತ್ತಿದ್ದಳು,
'ಎಲೆಗಳ ಸಂದಿಯಲ್ಲಿ. ಅದು ಜೇಬಿನಲ್ಲಿರುವಾಗ
ಮಾತಾಡೋಕೆ ಹೆದರಿಕೆ.'

ದಾಖಲೆಯ ಹಾಳೆಯಲ್ಲಿ ಒಂದೇ ಅಂಕಣ: ಆಳಿದವರು.
ಒಬ್ಬರ ಹೆಸರಿಗಾಗುವಷ್ಟೇ ಜಾಗ.
ಪೆನ್ಸಿಲ್ ಕಚ್ಚಿಕೊಂಡು ಅಂಚು ಸವರಿದೆ.
ಅಲ್ಲೊಂದು ಉಳಿಯ ಗಾಯ, ಆಳವಾದದ್ದು.
ಯಾವನೋ ಚಿನಿವಾರ
ಎರಡು ಮುಖವನ್ನೂ ನಂಬದೆ
ಒಳಗೇನಿದೆ ಎಂದು ಕೊಯ್ದು ನೋಡಿದ್ದಾನೆ.
ಒಳಗೆ ಬೆಳ್ಳಿ. ಅಂಕಣದಲ್ಲಿ ಅವನಿಗೆ ಜಾಗವಿಲ್ಲ.

ಕರೆಂಟು ಬಂತು.
ಟ್ಯೂಬ್‌ಲೈಟಿನ ಬಿಳುಪಿನಲ್ಲಿ ಎಲ್ಲ ಅಚ್ಚುಕಟ್ಟು:
ಒಂದು ಟೊಪ್ಪಿಗೆ, ಒಂದು ಮುಖ, ಒಬ್ಬ ಒಡೆಯ.
ಹಲ್ಲು ಎಲ್ಲಿ ಹೋಯಿತೋ.
'ಬರೆದಾಯ್ತೇ ಖಾನುಮ್?' ಎಂದ ಕಯೂಮರ್ಸ್.
ಇಲ್ಲ ಮಾರಾಯ.
ದೀಪ ಆರಿಸು, ಬ್ಯಾಟರಿ ಹಿಡಿ.
ಕೈ ನಡುಗಿದರೆ ನಡುಗಲಿ.